ಪರಿಮಳ ಬಂದು ಹೋಗಲಿ

ಹೊಸ ಮನೆ ಕಟ್ಟಿಸಿದವರು, ಫ್ಲ್ಯಾಟ್ ಕೊಂಡವರು ಒಳಾಂಗಣದ ಮಾತು ಬಂದಾಗ ಬಣ್ಣ, ಬೆಳಕು, ವಾರ್ಡ್‌ರೋಬಿನ ಜೊತೆಗೆ ಈಗ ಪರಿಮಳವನ್ನೂ ವಿಚಾರಿಸುತ್ತಾರೆ. ಹಜಾರಕ್ಕೆ ನಿಂಬೆ, ಮಲಗುವ ಕೋಣೆಗೆ ಲ್ಯಾವೆಂಡರ್, ಬಚ್ಚಲಿಗೆ ನೀಲಗಿರಿ ಎಂದು ಪಟ್ಟಿಯೇ ಸಿದ್ಧವಾಗುತ್ತದೆ. ಸಾಕೆಟ್ಟಿಗೆ ಸಿಕ್ಕಿಸುವ ಯಂತ್ರ, ಹಬೆಯಾಡುವ ಡಿಫ್ಯೂಸರ್, ಸುಗಂಧದ ಮೇಣದಬತ್ತಿ ಒಂದರ ಹಿಂದೊಂದು ಮನೆಗೆ ಬರುತ್ತವೆ. ಕಣ್ಣಿಗೆ ಹಿತವಾದ ಮನೆ ಮೂಗಿಗೂ ಹಿತವಾಗಿರಲಿ ಎಂಬ ಆಸೆ ಸರಿಯಾದದ್ದೇ. ಆದರೆ ಒಂದೇ ಪರಿಮಳವನ್ನು ದಿನವಿಡೀ ಮನೆಯೊಳಗೆ ತುಂಬಿಡುವ ಕ್ರಮ ನನಗೆ ಒಪ್ಪಿಗೆಯಾಗುವುದಿಲ್ಲ. ಪರಿಮಳ ಬರಬೇಕು, ಹೋಗಬೇಕು, ಹೊತ್ತು ನೋಡಿ ಮತ್ತೆ ಬರಬೇಕು.

ಇದಕ್ಕೆ ಕಾರಣ ನಮ್ಮ ಮೂಗಿನ ಸ್ವಭಾವ. ಕಂಡದ್ದು, ಕೇಳಿದ್ದು ಮಿದುಳಿನ ಥಾಲಮಸ್ ಎಂಬ ಭಾಗವನ್ನು ಹಾದು ಮುಂದೆ ಸಾಗುತ್ತದೆ. ವಾಸನೆ ಆ ದಾರಿಗೆ ಕಾಯದೆ, ಭಾವನೆ ಮತ್ತು ನೆನಪುಗಳನ್ನು ನೋಡಿಕೊಳ್ಳುವ ಅಮಿಗ್ಡಲ, ಹಿಪೊಕ್ಯಾಂಪಸ್‌ಗಳನ್ನು ಬಹುಬೇಗ ತಲುಪುತ್ತದೆ. ಒಗ್ಗರಣೆಗೆ ಇಂಗು ಬಿದ್ದ ಕೂಡಲೇ ಅಜ್ಜಿಯ ಅಡುಗೆಮನೆ ಕಣ್ಣಮುಂದೆ ಬರುವುದು ಹಾಗಾಗಿಯೇ. ಆದರೆ ಅದೇ ಮೂಗು, ಒಂದು ವಾಸನೆ ಬಿಡದೆ ಬರುತ್ತಿದ್ದರೆ ಕೆಲವೇ ನಿಮಿಷಗಳಲ್ಲಿ ಅದನ್ನು ಗಮನಿಸುವುದನ್ನೇ ಬಿಡುತ್ತದೆ. ಹಗಲಿರುಳು ನಡೆಯುವ ಯಂತ್ರದ ಪರಿಮಳ ಬಾಗಿಲು ದಾಟಿ ಬಂದ ನೆಂಟರಿಗೆ ಗೊತ್ತಾಗುತ್ತದೆ, ಮನೆಯವರಿಗೆ ಗೊತ್ತಾಗುವುದಿಲ್ಲ. ಸಾಲದೆಂದು ಅವರು ಮತ್ತೆರಡು ಹನಿ ಹಾಕುತ್ತಾರೆ.

ನಮ್ಮ ಹಿಂದಿನ ಮನೆಗಳಲ್ಲಿ ಪರಿಮಳಕ್ಕೆಂದೇ ಇಟ್ಟ ವಸ್ತು ಕಡಿಮೆ. ಬೇರೆ ಕೆಲಸಕ್ಕೆ ಬಂದದ್ದೇ ಪರಿಮಳವನ್ನೂ ಕೊಡುತ್ತಿತ್ತು. ಲಾವಂಚವನ್ನು ನೋಡಿ. ಅದು ಹುಲ್ಲಿನ ಜಾತಿ, ಗುಣವೆಲ್ಲ ಬೇರಿನಲ್ಲಿ. ಒಣಬೇರಿನ ಕಟ್ಟು ಕೈಗೆ ತೆಂಗಿನ ನಾರಿನಂತೆ ಒರಟು. ಮೂಗಿಗೆ ಹಿಡಿದರೆ ವಾಸನೆ ತುಸುವೇ. ಅದರ ಮೇಲೆ ನೀರು ಚಿಮುಕಿಸಿ, ಗಾಳಿ ಬರುವ ಕಿಟಕಿಗೆ ತೂಗುಹಾಕಿ ಸ್ವಲ್ಪ ಹೊತ್ತು ಬಿಡಿ. ಮಣ್ಣು, ಮರ, ಎಲ್ಲೋ ಒಂದಿಷ್ಟು ಸಿಹಿ ಬೆರೆತ ತಣ್ಣನೆಯ ಪರಿಮಳ ಕೋಣೆಯೊಳಗೆ ಇಳಿಯುತ್ತದೆ. ಬೇಸಿಗೆಯಲ್ಲಿ ಲಾವಂಚದ ತಟ್ಟಿ ಕಟ್ಟುತ್ತಿದ್ದದ್ದು ತಂಪಿಗೆ. ಬೇರಿನಲ್ಲಿದ್ದ ನೀರು ಆವಿಯಾಗುವಾಗ ಒಳಬರುವ ಗಾಳಿಯ ಬಿಸಿಯನ್ನು ಹೀರಿಕೊಳ್ಳುತ್ತದೆ, ಪರಿಮಳ ಅದರೊಂದಿಗೆ ಬರುತ್ತದೆ. ನೀರು ಆರಿತೋ, ಪರಿಮಳವೂ ಇಳಿಯಿತು. ಮತ್ತೆ ಬೇಕೆಂದರೆ ಮತ್ತೆ ಚಿಮುಕಿಸಬೇಕು. ಕಲಬುರಗಿ, ರಾಯಚೂರಿನ ಒಣಬಿಸಿಲಿಗೆ ಇದು ಹೇಳಿ ಮಾಡಿಸಿದ್ದು. ಕರಾವಳಿಯ ತೇವದ ಗಾಳಿಯಲ್ಲಿ ನೀರು ಬೇಗ ಆರುವುದಿಲ್ಲ, ಹಾಗಾಗಿ ತಂಪೂ ಅಷ್ಟಕ್ಕಷ್ಟೆ. ಅಲ್ಲಿಯವರು ಬೇರನ್ನು ಕುಡಿಯುವ ನೀರಿಗೆ ಹಾಕಿಕೊಂಡರೆ ಲಾಭ ಹೆಚ್ಚು. ತಟ್ಟಿಯನ್ನು ಆಗಾಗ ಬಿಸಿಲಿಗೆ ಹಾಕಿ ಒಣಗಿಸದಿದ್ದರೆ ಬೂಷ್ಟು ಹಿಡಿಯುತ್ತದೆ ಎಂಬುದೂ ನೆನಪಿರಲಿ.

ಹೂವಿಗೆ ಅದರದೇ ಹೊತ್ತು ಇದೆ. ಮಲ್ಲಿಗೆ ಸಂಜೆಯದು. ಬೆಳಿಗ್ಗೆ ಬಿಡಿಸಿದ ಮೊಗ್ಗು ಕತ್ತಲಾಗುತ್ತ ಅರಳುತ್ತದೆ, ಪರಿಮಳ ಏರುವುದೂ ಆಗಲೇ. ಮೈಸೂರು, ಉಡುಪಿ, ಹಡಗಲಿ ಮೂರೂ ಕಡೆಯ ಮಲ್ಲಿಗೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಉಡುಪಿ ಬಳಿಯ ಶಂಕರಪುರದಲ್ಲಿ ಹೂವನ್ನು ಬಾಳೆಯ ನಾರಿನಲ್ಲಿ ಕಟ್ಟಿ ಚೆಂಡು, ಅಟ್ಟೆ ಲೆಕ್ಕದಲ್ಲಿ ಮಾರುತ್ತಾರೆ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ದೇವರಿಗೆ ಏರಿಸಿ, ಮುಡಿಗೆ ಮುಡಿದು ಉಳಿದದ್ದನ್ನು ಫ್ರಿಜ್ಜಿಗೆ ತಳ್ಳಬೇಡಿ. ಅಗಲವಾದ ತಟ್ಟೆಯಲ್ಲಿ ಹರಡಿ ಹಜಾರದ ಕಿಟಕಿಯ ಬಳಿ ಇಡಿ. ಆ ಸಂಜೆಗೆ ಬೇರೆ ಅಲಂಕಾರ ಬೇಡ. ಮಲೆನಾಡು, ಕರಾವಳಿಯ ರೆಂಜೆ ಮತ್ತು ಸುರಗಿ ಒಣಗಿದ ಮೇಲೂ ಪರಿಮಳ ಬಿಡುವುದಿಲ್ಲ. ಅವನ್ನು ಬಟ್ಟೆಯ ನಡುವೆ ಇಡಬಹುದು. ಪೆಟ್ಟಿಗೆಯಲ್ಲಿ ರೇಷ್ಮೆ ಸೀರೆಯ ಮಡಿಕೆಗೆ ಕೇದಗೆಯ ಎಸಳು ಸೇರಿಸುವುದನ್ನು ಹಳಬರು ಮರೆಯುತ್ತಿರಲಿಲ್ಲ. ದವನ ಬಂತೆಂದರೆ ಚೈತ್ರ ಬಂತು. ಆ ಹುಣ್ಣಿಮೆಗೆ ದವನದ ಹುಣ್ಣಿಮೆ ಎಂದೇ ಹೆಸರು. ಋತು ಬದಲಾದಂತೆ ಮನೆಯ ವಾಸನೆಯೂ ಬದಲಾಗುತ್ತಿತ್ತು.

ಯಾವುದನ್ನು ಎಲ್ಲಿಡಬೇಕು ಎಂಬುದಕ್ಕೆ ರಸಾಯನಶಾಸ್ತ್ರದ ಒಂದು ಸರಳ ಲೆಕ್ಕ ಸಾಕು. ನಿಂಬೆ, ಕಿತ್ತಳೆ ಸಿಪ್ಪೆಯ ಸುವಾಸನೆಯ ಅಣುಗಳು ಹಗುರ, ಬೇಗ ಹಾರಿಹೋಗುತ್ತವೆ. ಹಾಗಾಗಿ ಅವು ಅಡುಗೆಮನೆಗೆ ತಕ್ಕವು. ಮೀನು, ಈರುಳ್ಳಿಯ ಅಡುಗೆಯಾದ ಮೇಲೆ ಪಾತ್ರೆಯಲ್ಲಿ ನೀರಿಟ್ಟು ನಾಲ್ಕು ನಿಂಬೆ ಸಿಪ್ಪೆ, ಒಂದು ಚೂರು ಚಕ್ಕೆ ಹಾಕಿ ಕುದಿಸಿದರೆ ಆಯಿತು. ಶ್ರೀಗಂಧ, ಲಾವಂಚದ ಅಣುಗಳು ಭಾರ, ನಿಧಾನವಾಗಿ ಹೊರಬರುತ್ತವೆ. ಅವು ಬೀರುವಿಗೆ, ಪುಸ್ತಕದ ಕಪಾಟಿಗೆ. ಗಂಧದ ಸೋಪಿನ ಖಾಲಿ ಡಬ್ಬಿಯನ್ನು ಎಸೆಯದೆ ಬಟ್ಟೆಯ ಸಾಲಿನಲ್ಲಿಡುವ ಗೃಹಿಣಿಯರಿಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಾಗಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಯುರೋಪಿಗೆ ಗಂಧದ ಕೊರಡು ಸಾಗಿಸುವುದು ನಿಂತಾಗ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ 1916ರಲ್ಲಿ ಮೈಸೂರಿನಲ್ಲೇ ಗಂಧದೆಣ್ಣೆ ತೆಗೆಯಲು ಹೊರಟಿತು. ಆಗ ವಿಶ್ವೇಶ್ವರಯ್ಯನವರು ದಿವಾನರು. ಕನ್ನಡಿಗರ ಬೀರುವಿಗೆ ಗಂಧ ಬಂದ ದಾರಿ ಅದು.

ಗಿಡ ನೆಡುವ ಜಾಗವಿದ್ದರೆ ಇನ್ನೂ ಸುಲಭ. ಪಾರಿಜಾತ ರಾತ್ರಿ ಅರಳಿ ಬೆಳಗಿಗೆ ಉದುರುತ್ತದೆ, ಮಲಗುವ ಕೋಣೆಯ ಕಿಟಕಿಯ ಹೊರಗೆ ಅದಕ್ಕೆ ಜಾಗ ಕೊಡಿ. ಸಂಪಿಗೆ ದೊಡ್ಡ ಮರ, ಗೇಟಿನ ಬಳಿಯೇ ಇರಲಿ. ಬಾಲ್ಕನಿಯ ಕುಂಡದಲ್ಲಿ ಮಜ್ಜಿಗೆ ಹುಲ್ಲು, ಮರುಗ, ತುಳಸಿ ಬೆಳೆಯುತ್ತವೆ. ಓಡಾಡುವಾಗ ಸೆರಗು ತಾಗುವಷ್ಟು ಹತ್ತಿರ ಇಟ್ಟರೆ ಎಲೆ ತಾನಾಗಿಯೇ ಪರಿಮಳ ಬಿಡುತ್ತದೆ.

ಅರೋಮಾಥೆರಪಿಯ ಬಗ್ಗೆ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಈ ಹೆಸರಿಟ್ಟವನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಗಾಟೆಫೊಸೆ. ಇದೇ ಹೆಸರಿನ ಅವನ ಪುಸ್ತಕ ಬಂದದ್ದು 1937ರಲ್ಲಿ. ಒಳ್ಳೆಯ ಪರಿಮಳ ಮನಸ್ಸನ್ನು ಹಗುರಗೊಳಿಸುತ್ತದೆ, ನಿದ್ದೆಗೆ ಮುನ್ನ ನೆಮ್ಮದಿ ಕೊಡುತ್ತದೆ. ರೋಗ ಗುಣವಾಗುತ್ತದೆ ಎಂದು ಹೇಳಿ ಎಣ್ಣೆ ಮಾರುವವರನ್ನು ಮಾತ್ರ ನಂಬಬೇಡಿ. ಗಿಡದಿಂದ ಬಂದದ್ದೆಲ್ಲ ನಿರುಪದ್ರವಿ ಎಂಬ ನಂಬಿಕೆಯೂ ತಪ್ಪು. ಕರ್ಪೂರ ಮಗುವಿನ ಹೊಟ್ಟೆಗೆ ಹೋದರೆ ಫಿಟ್ಸ್ ಬರಬಹುದು. ಟೀ ಟ್ರೀ ಎಣ್ಣೆ ಬೆಕ್ಕಿಗೆ ವಿಷ. ಊದುಬತ್ತಿ, ಸಾಂಬ್ರಾಣಿಯ ಹೊಗೆಯಲ್ಲಿ ಶ್ವಾಸಕೋಶದ ಆಳಕ್ಕೆ ಇಳಿಯುವ ಸೂಕ್ಷ್ಮ ಕಣಗಳಿರುತ್ತವೆ, ಮುಚ್ಚಿದ ಕೋಣೆಯಲ್ಲಿ ಆಸ್ತಮಾ ಇರುವವರಿಗೆ ಅದು ಹಿಂಸೆ. ಸಾಂಬ್ರಾಣಿಗೆ ಕೆಂಡ ಇಟ್ಟಾಗಲಂತೂ ಬಾಗಿಲು, ಕಿಟಕಿ ತೆರೆದಿರಲೇಬೇಕು.

ಕೆಟ್ಟ ವಾಸನೆಯನ್ನು ಪರಿಮಳದಿಂದ ಮುಚ್ಚುವುದು ಇನ್ನೊಂದು ತಪ್ಪು. ಹೊಸ ಪ್ಲೈವುಡ್, ವಾರ್ನಿಶ್ ಬಿಡುವ ಘಾಟು ಹೊರಗೆ ಹೋಗಬೇಕು. ಅದರ ಮೇಲೆ ಲ್ಯಾವೆಂಡರ್ ಸುರಿದರೆ ಎರಡೂ ಮೂಗಿನೊಳಗೇ ಹೋಗುತ್ತವೆ. ಬಳಸದ ಬಚ್ಚಲಲ್ಲಿ ನಾತ ಬಂದರೆ ಮೋರಿಯ ಟ್ರ್ಯಾಪಿನಲ್ಲಿ ನೀರು ಆರಿದೆಯೇ ನೋಡಿ, ಒಂದು ಚೊಂಬು ನೀರು ಸುರಿದರೆ ನಿಲ್ಲುತ್ತದೆ. ಮಳೆಗಾಲದ ಮುಗ್ಗಲು ವಾಸನೆಗೆ ಗೋಡೆಯ ಸೋರಿಕೆ ಸರಿಪಡಿಸುವುದೇ ಮದ್ದು.

ಬರುವ ಬೇಸಿಗೆಗೆ ಹೊಸ ಡಿಫ್ಯೂಸರ್ ಕೊಳ್ಳುವ ಮೊದಲು ನಿಮ್ಮೂರಿನ ಗ್ರಂಧಿಗೆ ಅಂಗಡಿಯಲ್ಲಿ ಒಂದು ಕಟ್ಟು ಲಾವಂಚದ ಬೇರು ಕೇಳಿ. ಮಣ್ಣು ಹೋಗುವ ಹಾಗೆ ತೊಳೆದು, ದಾರದಲ್ಲಿ ಬಿಗಿದು, ಬೇಕೆನಿಸಿದಾಗ ನೀರು ಚಿಮುಕಿಸಿ ನೋಡಿ. ಸೊಳ್ಳೆಯ ಕಾಟವಿದ್ದರೆ ಜಾಲರಿ ಹಾಕಿಸಿ, ಕಿಟಕಿ ಮಾತ್ರ ಮುಚ್ಚಬೇಡಿ.