ಸ್ವತ್ವ, ಸಂಕಲ್ಪ ಮತ್ತು ಯಂತ್ರ ಬರೆದ ಹಕ್ಕುಪತ್ರ

ಬೌದ್ಧಿಕ ಆಸ್ತಿಯ ಒಡೆತನವನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸುವ ಕರಾರುಪತ್ರವನ್ನು ಈಗ ತಂತ್ರಾಂಶವೂ ಬರೆಯುತ್ತದೆ. ಕೃತಿಯ ಹೆಸರು, ಕೊಡುವವರು, ಪಡೆಯುವವರು, ಪ್ರತಿಫಲ, ಅವಧಿ ಇಷ್ಟನ್ನು ಖಾಲಿ ಜಾಗಗಳಲ್ಲಿ ತುಂಬಿದರೆ ಸಾಕು, ತನ್ನಲ್ಲಿರುವ ಮಾದರಿಯಿಂದ ಷರತ್ತುಗಳನ್ನು ಆರಿಸಿ ಅದು ಜೋಡಿಸಿಕೊಡುತ್ತದೆ. ಕೊಡುವವರು ಸಂಬಳದ ನೌಕರರೋ ಗುತ್ತಿಗೆಯವರೋ ಎಂಬ ಒಂದೇ ಪ್ರಶ್ನೆಯ ಉತ್ತರದಿಂದ ಪುಟಗಟ್ಟಲೆ ಬದಲಾಗಬಹುದು. ಹೊಸ ಭಾಷಾ ಮಾದರಿಗಳಂತೂ ವಾಕ್ಯವನ್ನೇ ಹೊಸದಾಗಿ ಕಟ್ಟುತ್ತವೆ. ಕೊನೆಯಲ್ಲಿ ಒಂದು ವಿದ್ಯುನ್ಮಾನ ಸಹಿ ಬಿದ್ದರೆ ಪತ್ರ ಸಿದ್ಧ. ಕೊಡುವ ಮಾತನ್ನು ಕೊಡುವವರಾಗಲಿ ಅವರ ಪರವಾಗಿ ಇನ್ನೊಬ್ಬ ಮನುಷ್ಯನಾಗಲಿ ಯೋಚಿಸಿ ಬರೆಯದಿದ್ದರೂ ಕೊಟ್ಟಂತಾಯಿತೇ ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿ.

ಕೊಡುವುದೆಂದರೇನು ಎಂಬುದನ್ನು ಧರ್ಮಶಾಸ್ತ್ರಕಾರರು ಬಹಳ ಬಿಗಿಯಾಗಿ ವಿಚಾರ ಮಾಡಿದ್ದಾರೆ. ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣವಾದ ಕಲ್ಯಾಣದಲ್ಲಿ ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನ ಪ್ರಕಾರ ದಾನದಲ್ಲಿ ಎರಡು ಅಂಶಗಳಿವೆ: ಕೊಡುವವನ ಸ್ವತ್ವ ಹೋಗಬೇಕು, ಪಡೆಯುವವನ ಸ್ವತ್ವ ಹುಟ್ಟಬೇಕು. ಎರಡನೆಯದು ಆಗುವುದು ಪಡೆಯುವವನು ಸ್ವೀಕರಿಸಿದಾಗ ಮಾತ್ರ. ಆ ಸ್ವೀಕಾರ ಮನಸ್ಸಿನಿಂದ, ಮಾತಿನಿಂದ, ದೇಹದಿಂದ ಎಂದು ಮೂರು ಬಗೆ. ದಾಯಭಾಗವನ್ನು ಬರೆದ ಬಂಗಾಳದ ಜೀಮೂತವಾಹನ ಇದನ್ನು ಒಪ್ಪುವುದಿಲ್ಲ. ಇಂಥವನಿಗೆ ಎಂದು ಉದ್ದೇಶಿಸಿ ಕೊಡುವವನು ಬಿಟ್ಟೊಡನೆ ಸ್ವತ್ವ ಹುಟ್ಟಿತು ಎನ್ನುವುದು ಅವನ ವಾದ. ಭಿನ್ನಾಭಿಪ್ರಾಯ ಎಷ್ಟೇ ಇರಲಿ, ಒಂದು ಮಾತಿನಲ್ಲಿ ಇಬ್ಬರೂ ಕೂಡುತ್ತಾರೆ. ಕೊಡುವವನ ಸಂಕಲ್ಪವಿಲ್ಲದೆ ಕೊಡುಗೆಯಿಲ್ಲ. ಪತ್ರವನ್ನು ಬರೆದ ಕೈ ಯಾರದು ಎಂಬುದು ಇಬ್ಬರ ಲಕ್ಷಣದಲ್ಲೂ ಸೇರಿಲ್ಲ.

ಹೊಲದಂಥ ಸ್ವತ್ತಿನ ವಿಷಯದಲ್ಲಿ ಮಿತಾಕ್ಷರಾ ಇನ್ನೊಂದು ಸೂಕ್ಷ್ಮ ಹೇಳುತ್ತದೆ. ಹೊಲವನ್ನು ಕೈಯಲ್ಲಿ ಎತ್ತಿಕೊಳ್ಳಲು ಬಾರದು. ಆದ್ದರಿಂದ ದೇಹದಿಂದಾಗುವ ಸ್ವೀಕಾರಕ್ಕೆ ಅದರ ಫಲವನ್ನು ಸ್ವಲ್ಪವಾದರೂ ಅನುಭವಿಸಬೇಕು, ಇಲ್ಲದಿದ್ದರೆ ಆ ಹಕ್ಕು ದುರ್ಬಲ. ಕೃತಿಸ್ವಾಮ್ಯದಲ್ಲಿ ಕೈಗೆ ಸಿಗುವಂಥದ್ದು ಹೊಲದಷ್ಟೂ ಇಲ್ಲ. 1957ರ ಭಾರತದ ಕೃತಿಸ್ವಾಮ್ಯ ಕಾಯ್ದೆ ಬೇರೆ ದಾರಿಯಿಂದ ಬಂದು ಹೆಚ್ಚುಕಡಿಮೆ ಇದೇ ಜಾಗಕ್ಕೆ ತಲುಪಿದೆ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಪತ್ರದಲ್ಲಿ ಬೇರೆ ರೀತಿ ಹೇಳಿರದಿದ್ದರೆ, ಆ ವರ್ಗಾವಣೆ ಬಿದ್ದುಹೋಗುತ್ತದೆ ಎಂದು ಅದರ 19ನೇ ಸೆಕ್ಷನ್ ವಿಧಿಸುತ್ತದೆ. ಯಂತ್ರದ ಮಾದರಿಯಲ್ಲಿ ‘ಬೇರೆ ರೀತಿ ಹೇಳುವ’ ಷರತ್ತು ಮೊದಲೇ ಕೂತಿದ್ದರೆ, ಕೊಡುವವರು ಅದನ್ನು ಗಮನಿಸದೆಯೇ ಈ ರಕ್ಷಣೆಯನ್ನು ಬಿಟ್ಟುಕೊಟ್ಟಿರುತ್ತಾರೆ.

ಸಿದ್ಧ ಮಾದರಿ ಹೊಸದೇನಲ್ಲ. ವಿಜಯನಗರ ಕಾಲದ ದಾನಶಾಸನಗಳಲ್ಲಿ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗಗಳ ಪಟ್ಟಿ ಶಾಸನದಿಂದ ಶಾಸನಕ್ಕೆ ಹಾಗೆಯೇ ಸಾಗುತ್ತದೆ. ದಾನಕ್ಕೆ ಅಳುಪಿದವರಿಗೆ ಹಾಕುವ ಶಾಪದ ಶ್ಲೋಕಗಳೂ ಅಷ್ಟೇ, ಎಲ್ಲೆಡೆ ಒಂದೇ. ದಾನಿ ಅವನ್ನು ರಚಿಸಲಿಲ್ಲ, ಲಿಪಿಕಾರನೂ ರಚಿಸಲಿಲ್ಲ. ಆದರೂ ಆ ದಾನಗಳು ಸುಳ್ಳೆಂದು ಯಾರೂ ಹೇಳಲಿಲ್ಲ, ಏಕೆಂದರೆ ಕೊಡುವ ಕ್ರಿಯೆ ಶಾಸನದ ಅಕ್ಷರಕ್ಕೆ ಮೊದಲೇ ನಡೆದಿರುತ್ತಿತ್ತು: ಸಾಕ್ಷಿಗಳೆದುರು ಧಾರೆಯೆರೆದು, ಇಂಥ ಸೀಮೆಯ ಇಂಥ ಭೂಮಿ ಎಂದು ಎಲ್ಲೆ ಗುರುತಿಸಿ. ಕಲ್ಲು ಅದನ್ನು ದಾಖಲಿಸಿತು, ಅಷ್ಟೆ. ಇತ್ತೀಚಿನವರೆಗೂ ಪತ್ರ ಬರಹಗಾರರು ‘ಸ್ವಸಂತೋಷದಿಂದ, ಯಾರ ಬಲವಂತವೂ ಇಲ್ಲದೆ’ ಎಂದು ರೂಢಿಯಂತೆ ಬರೆದು, ಕೊನೆಯಲ್ಲಿ ಕಕ್ಷಿದಾರರಿಗೆ ಓದಿ ಹೇಳುತ್ತಿದ್ದರು. ತಂತ್ರಾಂಶದಲ್ಲಿ ಆ ರೂಢಿಯ ಮಾತು ಉಳಿದಿದೆ, ಓದಿ ಹೇಳುವವರು ಇಲ್ಲ. ನಷ್ಟವಾಗಿದ್ದರೆ ಅದು ಇಲ್ಲೇ.

ಪ್ರಾಚೀನ ರೋಮ್‌ನಲ್ಲಿ ಇದಕ್ಕೆ ವಿರುದ್ಧವಾದ ನಿಲುವಿತ್ತು. ಅಲ್ಲಿನ ಹಳೆಯ ವ್ಯಾಜ್ಯಪದ್ಧತಿಯಲ್ಲಿ ಗೊತ್ತಾದ ಮಾತೇ ಪ್ರಧಾನ, ಮನಸ್ಸು ಆಮೇಲೆ. ತನ್ನ ದ್ರಾಕ್ಷಿ ಬಳ್ಳಿಗಳನ್ನು ಕಡಿದರೆಂದು ದಾವೆ ಹೂಡಿದವನೊಬ್ಬ ‘ಬಳ್ಳಿ’ ಎಂದೇ ಹೇಳಿ ಸೋತನೆಂದು ನ್ಯಾಯಶಾಸ್ತ್ರಜ್ಞ ಗೈಯಸ್ ಬರೆದಿದ್ದಾನೆ. ಹನ್ನೆರಡು ಫಲಕಗಳ ಕಾನೂನಿನಲ್ಲಿ ಇದ್ದದ್ದು ‘ಮರ’. ಹಾಸ್ಯಾಸ್ಪದವಾಗಿ ಕಂಡರೂ ಇಂದಿನ ಪೇಟೆಂಟ್ ಕಾನೂನು ಇದರಿಂದ ಬಹಳ ದೂರವೇನೂ ಬಂದಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಮತ್ತು ರೋಷ್ ಕಂಪನಿಯ ನಡುವಿನ ವ್ಯಾಜ್ಯದಲ್ಲಿ ಸಂಶೋಧಕರೊಬ್ಬರು ಎರಡು ಕರಾರುಗಳಿಗೆ ಸಹಿ ಹಾಕಿದ್ದರು. ವಿಶ್ವವಿದ್ಯಾಲಯದ ಪತ್ರದಲ್ಲಿ ಇದ್ದದ್ದು ‘ವರ್ಗಾಯಿಸಲು ಒಪ್ಪುತ್ತೇನೆ’. ಆಮೇಲೆ, ಮುಂದೆ ತನ್ನ ಹಕ್ಕುಗಳನ್ನು ರೋಷ್‌ಗೆ ದಾಟಿಸಿದ ಖಾಸಗಿ ಸಂಸ್ಥೆಯೊಂದಕ್ಕೆ ಕೊಟ್ಟ ಪತ್ರದಲ್ಲಿ ಇದ್ದದ್ದು ‘ಈ ಮೂಲಕ ವರ್ಗಾಯಿಸುತ್ತೇನೆ’. ಮೊದಲನೆಯದು ಬರೀ ವಾಗ್ದಾನ, ಎರಡನೆಯದೇ ಕೊಡುಗೆ ಎಂದು ಮೇಲ್ಮನವಿ ನ್ಯಾಯಾಲಯ ಹೇಳಿತು. 2011ರಲ್ಲಿ ಸುಪ್ರೀಂ ಕೋರ್ಟ್ ಬೇರೆ ಕಾರಣ ಕೊಟ್ಟು ಆ ಫಲಿತಾಂಶವನ್ನೇ ಉಳಿಸಿತು. ಆ ಎರಡು ಕ್ರಿಯಾಪದಗಳಲ್ಲಿ ಮಾದರಿ ಯಾವುದನ್ನು ಆರಿಸುತ್ತದೆ ಎಂಬುದರ ಮೇಲೆ ಒಂದು ಆವಿಷ್ಕಾರದ ಒಡೆತನವೇ ನಿಂತಿರಬಹುದು.

ಭಾರತದ ಕೃತಿಸ್ವಾಮ್ಯ ಕಾಯ್ದೆ ಕೊಡುವವರು ಯೋಚಿಸಬೇಕಾದ ಅಂಶಗಳನ್ನು ಒಂದೊಂದಾಗಿ ಹೆಸರಿಸುತ್ತದೆ. ಕೃತಿ ಯಾವುದು, ಯಾವ ಹಕ್ಕುಗಳು, ಎಷ್ಟು ಕಾಲ, ಯಾವ ಪ್ರದೇಶ ಎಂಬುದೆಲ್ಲ ಬರವಣಿಗೆಯಲ್ಲಿರಬೇಕು, ಕೊಡುವವರ ಅಥವಾ ಅವರ ಅಧಿಕೃತ ಪ್ರತಿನಿಧಿಯ ಸಹಿಯಿರಬೇಕು. ಅವಧಿ ಹೇಳದಿದ್ದರೆ ಅದು 5 ವರ್ಷ ಎಂದೂ ಪ್ರದೇಶ ಹೇಳದಿದ್ದರೆ ಭಾರತ ಮಾತ್ರ ಎಂದೂ ತಿಳಿಯಬೇಕು. ಕಾನೂನಿನ ಮೌನ ಹೀಗೆ ಕೊಡುವವರ ಪರ. ಮಾದರಿಗಳಾದರೋ ‘ಶಾಶ್ವತವಾಗಿ, ವಿಶ್ವದಾದ್ಯಂತ’ ಎಂಬ ಮಾತನ್ನು ಮೊದಲೇ ತುಂಬಿಟ್ಟು ಆ ಮೌನವನ್ನು ತೆಗೆದುಹಾಕಬಲ್ಲವು. ‘ಆಗಾಮಿ’ಯ, ಅಂದರೆ ಮುಂದೆ ಬರಲಿರುವುದರ, ಆಸೆಗೂ 2012ರ ತಿದ್ದುಪಡಿ ಕಡಿವಾಣ ಹಾಕಿದೆ. ಪತ್ರವಾಗುವಾಗ ಇಲ್ಲದಿದ್ದ ಮಾಧ್ಯಮಕ್ಕೆ, ಅದನ್ನು ನಿರ್ದಿಷ್ಟವಾಗಿ ಹೆಸರಿಸದೆ, ವರ್ಗಾವಣೆ ಅನ್ವಯಿಸದು.

ಯಂತ್ರದ ಮಾತಿಗೆ ಹೊಣೆ ಯಾರು ಎಂಬುದಕ್ಕೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 11ನೇ ಸೆಕ್ಷನ್ ಉತ್ತರಿಸುತ್ತದೆ: ತಾನಾಗಿ ನಡೆಯುವಂತೆ ಒಬ್ಬರು ಸಜ್ಜುಗೊಳಿಸಿದ, ಅಥವಾ ಅವರ ಪರವಾಗಿ ಸಜ್ಜುಗೊಳಿಸಿದ ವ್ಯವಸ್ಥೆ ಕಳಿಸಿದ ದಾಖಲೆ ಅವರದೇ. ವ್ಯವಹಾರ ನಡೆಯಬೇಕಾದರೆ ಈ ನಿಯಮ ಬೇಕು. ಆದರೆ ಹೊಣೆ ಹೊರಿಸುವುದೇ ಬೇರೆ, ಸಂಕಲ್ಪ ಇತ್ತೆನ್ನುವುದೇ ಬೇರೆ. ನಾರದಸ್ಮೃತಿ ಹದಿನಾರು ಬಗೆಯ ‘ಅದತ್ತ’ಗಳನ್ನು, ಅಂದರೆ ಕೊಟ್ಟರೂ ಕೊಟ್ಟಂತಾಗದ ಕೊಡುಗೆಗಳನ್ನು ಎಣಿಸುತ್ತದೆ. ಭಯದಿಂದ, ಕೋಪದಲ್ಲಿ, ಶೋಕದಲ್ಲಿ, ಅಮಲಿನಲ್ಲಿ ಕೊಟ್ಟದ್ದರ ಜೊತೆಗೆ ತಪ್ಪುತಿಳಿವಳಿಕೆಯಿಂದ ಕೊಟ್ಟದ್ದೂ ಅಲ್ಲಿದೆ. ಈ ಅಳತೆಯಲ್ಲಿ ನೋಡಿದರೆ, ಯಂತ್ರ ಬರೆದದ್ದನ್ನು ಓದಿ ತಿಳಿದು ಸಹಿ ಹಾಕಿದ ಪತ್ರ ಪೂರ್ಣ ಕೊಡುಗೆ. ಓದದೆ ಒತ್ತಿದ ಸಹಿ ಕಾನೂನಿಗೆ ಸಾಕಾಗಬಹುದು, ಧರ್ಮವಿಚಾರದಲ್ಲಿ ಅದು ಅದತ್ತದ ಅಂಚಿನಲ್ಲೇ ಇದೆ.

ಇನ್ನು, ಸಂಕಲ್ಪವಿದ್ದರೂ ಕೊಡಲಾಗದ್ದು ಇದೆಯೇ? ವಿಶ್ವಜಿತ್ ಯಾಗದಲ್ಲಿ ಯಜಮಾನ ತನ್ನ ಸರ್ವಸ್ವವನ್ನೂ ದಾನ ಮಾಡಬೇಕು. ಹಾಗಾದರೆ ‘ನನ್ನ ತಂದೆ’, ‘ನನ್ನ ತಾಯಿ’ ಎನ್ನುವಾಗಿನ ತಂದೆತಾಯಿಯರನ್ನೂ ಕೊಡಬೇಕೇ ಎಂದು ಮೀಮಾಂಸಕರು ಕೇಳುತ್ತಾರೆ. ಜೈಮಿನಿಯ ಉತ್ತರ ಇಲ್ಲ ಎಂದು. ಅಲ್ಲಿರುವುದು ಸಂಬಂಧ, ಒಡೆತನವಲ್ಲ. ರಾಜನೂ ಭೂಮಂಡಲವನ್ನು ಕೊಡಲಾರ, ಅದು ಎಲ್ಲರದು. ಕೃತಿಗೂ ಕರ್ತೃವಿಗೂ ಇರುವ ನಂಟು ಈ ಮೊದಲ ಬಗೆಯದು. ಕೃತಿಸ್ವಾಮ್ಯವನ್ನು ಪೂರ್ತಿ ಬಿಟ್ಟುಕೊಟ್ಟ ಮೇಲೂ, ಕೃತಿ ತನ್ನದೆಂದು ಹೇಳಿಕೊಳ್ಳುವ ಮತ್ತು ಹೆಸರಿಗೆ ಕುಂದು ತರುವಂತೆ ಅದನ್ನು ವಿರೂಪಗೊಳಿಸಿದರೆ ತಡೆಯುವ ಹಕ್ಕನ್ನು ಕೃತಿಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್ ಕರ್ತೃವಿಗೆ ಉಳಿಸುತ್ತದೆ. ಬ್ರಿಟನ್ನಿನ 1988ರ ಕಾಯ್ದೆ ಇಂಥ ಹಕ್ಕನ್ನು ಬರೆದು ಬಿಟ್ಟುಕೊಡಲು ಅವಕಾಶ ಕೊಡುತ್ತದೆ, ನಮ್ಮ ಸೆಕ್ಷನ್ ಆ ಬಗ್ಗೆ ಏನೂ ಹೇಳುವುದಿಲ್ಲ. ಅಲ್ಲಿನ ಮಾದರಿಯ ಷರತ್ತನ್ನು ತಂತ್ರಾಂಶ ಇಲ್ಲಿನ ಪತ್ರಕ್ಕೆ ಅಂಟಿಸಿದರೆ ಅದಕ್ಕೆ ಅಷ್ಟೇ ಬಲ ಬಂದೀತೆಂದು ನಂಬುವಂತಿಲ್ಲ.

ಶಿಲ್ಪಿ ಅಮರನಾಥ ಸೆಹಗಲ್ ದೆಹಲಿಯ ವಿಜ್ಞಾನ ಭವನಕ್ಕೆ ಮಾಡಿಕೊಟ್ಟಿದ್ದ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಉಗ್ರಾಣಕ್ಕೆ ಹಾಕಲಾಗಿತ್ತು. ಶಿಲ್ಪ ಸರ್ಕಾರದ ಸ್ವತ್ತಾಗಿತ್ತು, ಹಕ್ಕೂ ಸರ್ಕಾರಕ್ಕೆ ಹೋಗಿತ್ತು. ಆದರೂ ಈ 57ನೇ ಸೆಕ್ಷನ್‌ನ ಆಧಾರದಲ್ಲಿ 2005ರಲ್ಲಿ ದೆಹಲಿ ಹೈಕೋರ್ಟ್ ಅದರ ಅವಶೇಷಗಳನ್ನು ಶಿಲ್ಪಿಗೇ ಮರಳಿಸಿ, 5 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಆದೇಶಿಸಿತು.