ಸಂಗೀತಗಾರನೂ ಅವನ ಧ್ವನಿಮುದ್ರಿಕೆಯೂ

ತನ್ನ ಧ್ವನಿಮುದ್ರಿಕೆಗಳಲ್ಲಿ ಯಾವುದು ಉತ್ತಮವೆಂಬುದನ್ನು ಸಂಗೀತಗಾರನೇ ಸರಿಯಾಗಿ ಬಲ್ಲನೆ? ಹೆತ್ತವರಿಗೆ ಹೆಗ್ಗಣ ಮುದ್ದೆಂಬ ಗಾದೆಯನ್ನು ನೆನೆದು ಹಲವರು ಇಲ್ಲವೆಂದುಬಿಡುವರು. ಆದರೆ ಲೋಕವೆಲ್ಲ ಮೆಚ್ಚಿದ ಮಗುವನ್ನು ತನ್ನದಲ್ಲವೆನ್ನುವ ತಂದೆಯೂ ಉಂಟು. ಗಾದೆಗೆ ಸಿಕ್ಕದ ಈ ಸಂಗತಿಯೇ ಹೆಚ್ಚು ವಿಚಾರಾರ್ಹವಾದುದು.

ಕೆನಡಾ ದೇಶದ ಪಿಯಾನೋ ವಾದಕನಾದ ಗ್ಲೆನ್ ಗೂಲ್ಡನು ಬಾಖನ ‘ಗೋಲ್ಡ್‌ಬರ್ಗ್ ವೇರಿಯೇಷನ್ಸ್’ ಎಂಬ ಕೃತಿಯನ್ನು 1955ರಲ್ಲಿ, ತನ್ನ 22ನೆಯ ವಯಸ್ಸಿನಲ್ಲಿ, ನ್ಯೂಯಾರ್ಕ್ ನಗರದಲ್ಲಿ ನುಡಿಸಿ ಮುದ್ರಿಸಿದನು. ಒಂದು ಗೀತವನ್ನು 30 ಬಗೆಯಾಗಿ ಬೆಳೆಸುವ ಕೃತಿಯದು. ಆ ಮುದ್ರಿಕೆಯಿಂದಲೇ ಅವನ ಕೀರ್ತಿ ಹಬ್ಬಿತು. 1964ರಲ್ಲಿ ಅವನು ಕಛೇರಿಗಳನ್ನೇ ತೊರೆದು ಧ್ವನಿಮುದ್ರಣಕ್ಕೆ ತನ್ನನ್ನು ಒಪ್ಪಿಸಿಕೊಂಡನು. 1981ರಲ್ಲಿ ಅದೇ ಕೃತಿಯನ್ನು ಮತ್ತೆ ಮುದ್ರಿಸಿದಾಗ, ಮೊದಲು ಸುಮಾರು 38 ನಿಮಿಷಗಳಲ್ಲಿ ಮುಗಿದಿದ್ದುದು 51 ನಿಮಿಷಗಳಾಯಿತು. ಹಿಂದೆ ಕೈಬಿಟ್ಟಿದ್ದ ಪುನರಾವೃತ್ತಿಗಳಲ್ಲಿ ಕೆಲವನ್ನು ಸೇರಿಸಿದುದು ಇದಕ್ಕೆ ಒಂದು ಕಾರಣ; ವಿಳಂಬಗತಿ ಮತ್ತೊಂದು. ಹಳೆಯದರ 25ನೆಯ ಭಾಗದಲ್ಲಿ ಭಾವಪ್ರದರ್ಶನವು ಅತಿಯಾಯಿತೆಂದು ಅವನು ಆಕ್ಷೇಪಿಸಿದನು; ಎಲ್ಲ ಭಾಗಗಳನ್ನೂ ಒಂದೇ ಲಯಸೂತ್ರದಲ್ಲಿ ಪೋಣಿಸಬೇಕೆಂಬುದು ಅವನ ಹೊಸ ಆಶಯವಾಗಿದ್ದಿತು. ಹಳೆಯದನ್ನು ನುಡಿಸಿದವನ ಮನೋಧರ್ಮವೇ ತನಗೆ ಗುರುತು ಸಿಕ್ಕದೆಂದೂ ಹೇಳಿಕೊಂಡನು.

ಈ ಕೊನೆಯ ಮಾತು ನನ್ನನ್ನು ಬಹುಕಾಲ ಕಾಡಿದೆ. ಗುರುತು ಸಿಕ್ಕದ ಮೇಲೆ ಅವನೂ ನಮ್ಮಂತೆ ಒಬ್ಬ ಕೇಳುಗನೇ ಆದನಲ್ಲವೆ? ಕರ್ತೃವೆಂಬ ಅಧಿಕಾರದಿಂದ ತೀರ್ಪು ಕೊಡುವುದಾದರೆ ಆ ಅಧಿಕಾರವಿದ್ದುದು 22 ವರ್ಷದ ತರುಣನಿಗೆ; 48 ವರ್ಷದವನು ಅವನ ವಾರಸುದಾರನು ಮಾತ್ರ. ಹಿಂದಿನವರಿಗೆ ಈ ತೊಡಕಿರಲಿಲ್ಲ. ಕಛೇರಿ ಮುಗಿದೊಡನೆ ನಾದವೂ ಅಡಗುತ್ತಿದ್ದಿತು. ಮುಪ್ಪಿನ ವಿದ್ವಾಂಸನ ಎದುರಿಗೆ ಅವನ ಯೌವನವು ಬಂದು ನಿಲ್ಲುತ್ತಿರಲಿಲ್ಲ.

ಹಾಗೆಂದು ಅವನ ಆಕ್ಷೇಪಣೆಯನ್ನು ನಾನು ತಳ್ಳಿಹಾಕಲಾರೆ. 25ನೆಯ ಭಾಗದ ವಿಷಯದಲ್ಲಿ ಅವನು ಹೇಳಿದುದೇ ಸರಿಯೆಂದು ನನಗೂ ತೋರುತ್ತದೆ. ತನ್ನ ದೋಷವನ್ನು ಅಷ್ಟು ಸೂಕ್ಷ್ಮವಾಗಿ ಹಿಡಿಯುವ ಕಿವಿ ವಿಮರ್ಶಕರಿಗೆ ಎಲ್ಲಿಂದ ಬಂದೀತು? ಆದರೆ ದೋಷವನ್ನು ಕಾಣುವ ಶಕ್ತಿ ಬೇರೆ, ಉತ್ತಮವನ್ನು ಆರಿಸುವ ಶಕ್ತಿ ಬೇರೆ. ಅವನು ಹಳೆಯ ಮುದ್ರಿಕೆಯಲ್ಲಿ ಹುಡುಕಿದುದು ತಾನು ಈಗ ಬಯಸುವುದನ್ನು. ಬಯಸದೆಯೇ ಬೆರಳಿಗೆ ಬಂದಿದ್ದ ಆ ಲಾಘವ, ನಾಳೆಯ ಚಿಂತೆಯಿಲ್ಲದ ಆ ಹುಮ್ಮಸ್ಸು ಅವನ ತಕ್ಕಡಿಯನ್ನು ಏರಲೇ ಇಲ್ಲ.

ಹಾಗಾದರೆ ಅವನ ಮಾತನ್ನು ಮೀರಿ ಹಳೆಯದನ್ನು ಮೆಚ್ಚುವುದು ಅವನಿಗೆ ಮಾಡುವ ಅಗೌರವವೆ? 1982ರಲ್ಲಿ ಹೊಸ ಮುದ್ರಿಕೆ ಹೊರಬಂದಿತು. ಅದೇ ವರ್ಷದ ಅಕ್ಟೋಬರ್ 4ರಂದು ಅವನು ತೀರಿಕೊಂಡನು. ರಾತ್ರಿ ಒಬ್ಬನೇ ಕುಳಿತಾಗ ನಾನು ಕೇಳುವುದು, ಅವನು ಬಯಸಿದಂತೆಯೇ, ಎರಡನೆಯದನ್ನು. ಮನೆಗೆ ಬಂದ ಸ್ನೇಹಿತರಿಗೆ ಮಾತ್ರ ಮೊದಲನೆಯದನ್ನೇ ಹಾಕಿಬಿಡುತ್ತೇನೆ.