ಲೆಕ್ಕ ತಪ್ಪಿದರೆ ಯಾರ ಕಿಸೆಯಿಂದ?

ನಾನು ಪ್ಲಾನಿಂಗ್ ಮ್ಯಾನೇಜರ್. ಶಿರಸಿ ಹತ್ತಿರದ ನಮ್ಮ ಮನೆಯಲ್ಲಿ ಈ ಹುದ್ದೆಯನ್ನು ವಿವರಿಸುವುದು ಕಷ್ಟ. ಒಮ್ಮೆ ಅಪ್ಪ ಪೂರ್ತಿ ಕೇಳಿಸಿಕೊಂಡು, "ಹಂಗಾದ್ರೆ ಮಾಡೋವ್ರು ಬೇರೆ, ನೀನು ಹೇಳೋದು ಮಾತ್ರ" ಎಂದರು. ನಕ್ಕು ಸುಮ್ಮನಾದೆ. ಡೊಂಬಿವಲಿಗೆ ಮರಳಿದ ಮೇಲೆ ಆ ಮಾತು ಬೆನ್ನು ಹತ್ತಿತು.

ದಿನಾ ಡೊಂಬಿವಲಿಯಲ್ಲಿ ಲೋಕಲ್ ಹತ್ತಿ, ಠಾಣೆಯಲ್ಲಿ ಇಳಿದು, ವಾಶಿ ಕಡೆಯ ಗಾಡಿ ಹಿಡಿದು ರಬಾಳೆಗೆ ಹೋಗುತ್ತೇನೆ. ದಿವಾ, ಮುಂಬ್ರಾ ದಾಟುವಾಗ ಬಾಗಿಲಲ್ಲಿ ನೇತಾಡುವವರನ್ನು ನೋಡುತ್ತ, ಆಫೀಸಿಗೆ ಹೋಗಿ ಮುಂದಿನ ಮೂರು ತಿಂಗಳಲ್ಲಿ ಎಷ್ಟು ಮಾಲು, ಎಷ್ಟು ಲಾರಿ, ಎಷ್ಟು ಜನ ಬೇಕು ಎಂದು ಬರೆಯುತ್ತೇನೆ. ಸಂಜೆ ಆರಕ್ಕೆ ನಾನು ಎಲ್ಲಿರುತ್ತೇನೆ ಎನ್ನುವುದೇ ರೈಲಿನ ಕೈಯಲ್ಲಿರುವಾಗ ಡಿಸೆಂಬರಿನ ಮಾತಾಡುವುದು ತಮಾಷೆಯೇ.

ಆಡಳಿತ ಶಾಸ್ತ್ರದ ಪಠ್ಯಗಳೆಲ್ಲ ಯೋಜನೆಗೆ ಮೊದಲ ಮಣೆ ಹಾಕುತ್ತವೆ. ಇದನ್ನು ಶುರು ಮಾಡಿದವನು ಹೆನ್ರಿ ಫಯೋಲ್ ಎಂಬ ಫ್ರೆಂಚ್ ಗಣಿ ಎಂಜಿನಿಯರ್. ಕಲ್ಲಿದ್ದಲ ಕಂಪನಿಯಲ್ಲಿ ದಶಕಗಳ ಕಾಲ ದುಡಿದು, 1916ರಲ್ಲಿ ಆಡಳಿತದ ಕೆಲಸಗಳನ್ನು ಐದಾಗಿ ವಿಂಗಡಿಸಿದ. ಮೊದಲನೆಯದಕ್ಕೆ ಅವನು ಇಟ್ಟ ಪದದಲ್ಲಿ ಎರಡು ಅರ್ಥಗಳಿವೆ: ಮುಂದಾಗುವುದನ್ನು ಅಂದಾಜು ಮಾಡುವುದು, ಅದಕ್ಕೆ ಸಿದ್ಧವಾಗುವುದು. ನಮ್ಮ 'ಮುಂದಾಲೋಚನೆ' ಅದಕ್ಕೆ ಹತ್ತಿರ. ಆದರೆ ನಾವು ತಯಾರಿಸುವ ಕಡತಗಳಲ್ಲಿ ಆಲೋಚನೆ ಸವೆದುಹೋಗಿ ಮುಂದಿನ ತಾರೀಕುಗಳಷ್ಟೇ ಉಳಿದಿರುತ್ತವೆ.

ನಾಲ್ಕು ವರ್ಷದ ಹಿಂದಿನ ಮಾತು, ಆಗ ನಾನಿದ್ದದ್ದು ಬೇರೊಂದು ಕಂಪನಿಯಲ್ಲಿ. ದೀಪಾವಳಿಯ ನಂತರ ಬೇಡಿಕೆ ಇಳಿಯುತ್ತದೆ ಎಂದು ಅಂದಾಜಿಸಿ, ಗೋದಾಮಿನ ಎರಡನೇ ಪಾಳಿಯಲ್ಲಿದ್ದ 22 ಗುತ್ತಿಗೆ ಕಾರ್ಮಿಕರನ್ನು 8ಕ್ಕೆ ಇಳಿಸಬಹುದೆಂದು ಬರೆದೆ. ಇಳಿಸಿದರು. ಫೆಬ್ರವರಿಯಲ್ಲಿ ಆರ್ಡರುಗಳು ಧೋ ಎಂದು ಬಂದವು. ಬೇರೆ ಕಂತ್ರಾಟುದಾರನಿಂದ ಹೊಸಬರನ್ನು ತಂದರು. ನನ್ನ ಲೆಕ್ಕ ಸಂಪೂರ್ಣ ತಪ್ಪಿತ್ತು. ಆದರೂ ಆ ತ್ರೈಮಾಸಿಕದಲ್ಲಿ ಖರ್ಚು ಇಳಿದಿದ್ದರಿಂದ ನನಗೆ ಒಳ್ಳೆಯ ರೇಟಿಂಗ್ ಸಿಕ್ಕಿತು, ಬೋನಸ್ಸೂ ಬಂತು. ಆ ದುಡ್ಡಿನಲ್ಲಿ ಫ್ರಿಜ್ ತಂದೆವು. ಅದು ಈಗಲೂ ಚೆನ್ನಾಗಿ ಓಡುತ್ತಿದೆ.

ಹೋದ ಹದಿನಾಲ್ಕು ಜನರಲ್ಲಿ ಒಬ್ಬ ಘಣಸೋಲಿ ಗಾವಠಾಣದ ಆಗ್ರಿ ಹುಡುಗ. ಅವನ ಅಜ್ಜನ ಭತ್ತದ ಗದ್ದೆ ಇದೇ ಕೈಗಾರಿಕಾ ಪಟ್ಟಿಯಲ್ಲಿ ಎಲ್ಲೋ ಇತ್ತಂತೆ. ಯಾವ ಶೆಡ್ಡಿನ ಕೆಳಗೆ ಎಂದು ಅವನಿಗೂ ತಿಳಿಯದು. ಆ ಹುಡುಗ ಹೋದ ಮೇಲೆಯೇ ನಾನು ನವಿ ಮುಂಬಯಿಯ ಕಥೆ ಓದಿದ್ದು.

ಅದು ಸುಂದರ ಯೋಜನೆ, ಇದನ್ನು ಮನಸಾರೆ ಹೇಳುತ್ತೇನೆ. 1965ರಲ್ಲಿ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಶಿರೀಷ್ ಪಟೇಲ್ 'ಮಾರ್ಗ್' ಪತ್ರಿಕೆಯಲ್ಲಿ ಕೊಲ್ಲಿಯಾಚೆಗೊಂದು ನಗರವನ್ನು ಮುಂದಿಟ್ಟರು. ದಕ್ಷಿಣ ತುದಿಯಲ್ಲಿ ಉಸಿರುಗಟ್ಟಿದ್ದ ಮುಂಬಯಿಯ ಭಾರ ಇಳಿಸುವುದು ಉದ್ದೇಶ. 1970ರ ಮಾರ್ಚಿನಲ್ಲಿ ಸಿಡ್ಕೊ ಹುಟ್ಟಿತು. 95 ಹಳ್ಳಿಗಳನ್ನೊಳಗೊಂಡ 344 ಚದರ ಕಿಲೋಮೀಟರ್, 20 ಲಕ್ಷ ಜನರ ಗುರಿ. ಸರ್ಕಾರವೇ ಕೊಲ್ಲಿ ದಾಟಿ ಬರಬೇಕೆಂಬುದು ಆ ಯೋಜನೆಯ ಜೀವ. ಮಂತ್ರಾಲಯ ಇಂದಿಗೂ ನರೀಮನ್ ಪಾಯಿಂಟ್ ಬದಿಯಲ್ಲೇ ಇದೆ. ಬರಬೇಕಾದವರು ಬರಲಿಲ್ಲ, ಭೂಮಿ ಕೊಟ್ಟವರಿಗೆ ಮರಳಲು ಜಾಗವಿರಲಿಲ್ಲ. 1984ರ ಜನವರಿಯಲ್ಲಿ ಉರಣ ತಾಲೂಕಿನ ಜಾಸಯಿಯ ಬಳಿ ಪರಿಹಾರ ಕೇಳಿದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿ ಐವರು ಸತ್ತರು. ಮುಂದಾಳು ದಿ. ಬಾ. ಪಾಟೀಲರ ಆ ಹೋರಾಟದಿಂದಲೇ, ವಶಪಡಿಸಿಕೊಂಡ ಭೂಮಿಗೆ ಪ್ರತಿಯಾಗಿ ಶೇಕಡಾ 12.5ರಷ್ಟು ಅಭಿವೃದ್ಧಿಪಡಿಸಿದ ಜಾಗ ಕೊಡುವ ನಿಯಮ ಆಮೇಲೆ ಬಂತು. ಮೂಲ ನಕ್ಷೆ ಬರೆದವರು ಕೆಟ್ಟವರಾಗಿರಲಿಲ್ಲ. ಅವರ ಅಂದಾಜಿನ ಬೆಲೆ ಅವರ ಕಿಸೆಯಿಂದ ಹೋಗಲಿಲ್ಲ, ಅಷ್ಟೇ.

ಹಾಗಾದರೆ ಯೋಜನೆಯೇ ಬೇಡವೇ? ಗೆಳೆಯರು ಕೇಳುತ್ತಾರೆ. ಉತ್ತರಕ್ಕೆ ನಮ್ಮ ಡೊಂಬಿವಲಿಯನ್ನೇ ನೋಡಬೇಕು. ಮುಂಬಯಿಯಲ್ಲಿ ಮನೆ ಕೊಳ್ಳಲಾಗದ ಗುಮಾಸ್ತರು, ಮೇಷ್ಟ್ರುಗಳು, ಹೋಟೆಲಿನವರು ಬಂದು ತುಂಬಿದ ಊರು. ಜನ ಮೊದಲು ಬಂದರು, ರಸ್ತೆ ಆಮೇಲೆ. ಕಲ್ಯಾಣದ ಕಡೆ ಹೋದರೂ ಅದೇ ಕಥೆ. ನನ್ನಂಥವನಿಗೆ ನೆಲೆ ಕೊಟ್ಟದ್ದು ಈ ಊರೇ ಹೊರತು ಆ ಸುಂದರ ನಕ್ಷೆಯಲ್ಲ. ಅದಕ್ಕೆ ತೆರುವ ಕಂದಾಯವನ್ನು ಬೆಳಿಗ್ಗೆ ರೈಲಿನ ಬಾಗಿಲಲ್ಲಿ ಮೈಯಿಂದ ಕಟ್ಟುತ್ತೇವೆ. ಯೋಜಿಸದೆ ಬಿಟ್ಟರೂ ಯಾರೋ ತೆರಲೇಬೇಕು.

ಅಪ್ಪನ ತೋಟವನ್ನೇ ಆದರ್ಶ ಮಾಡಿಕೊಳ್ಳುವ ಆಸೆ ನನಗೆ ಬಹಳ ದಿನ ಇತ್ತು. ಅಡಿಕೆ ಸಸಿ ನೆಟ್ಟವನು ಫಸಲಿಗೆ ವರ್ಷಗಟ್ಟಲೆ ಕಾಯುತ್ತಾನೆ, ತಪ್ಪಿದರೆ ತಾನೇ ಉಣ್ಣುತ್ತಾನೆ. ಯೋಚಿಸುತ್ತ ಹೋದಂತೆ ಅದೂ ಪೂರ್ತಿ ನಿಜವಲ್ಲ ಅನಿಸಿತು. ಕೊಳೆರೋಗ ಬಂದ ವರ್ಷ ನಮ್ಮ ಮನೆಯಲ್ಲಿ ಹೊಸ ಬಟ್ಟೆ ಬರಲಿಲ್ಲ, ಸರಿ. ಕೊನೆ ಕೊಯ್ಯುವವರ ಮನೆಯಲ್ಲಿ ಏನು ಬರಲಿಲ್ಲ ಎಂದು ಅಪ್ಪನೂ ಕೇಳಿದ ನೆನಪಿಲ್ಲ. ವ್ಯತ್ಯಾಸ ಇಷ್ಟೇ: ಅಪ್ಪ ಸಂತೆಯಲ್ಲಿ ಅವರ ಮುಖ ನೋಡಲೇಬೇಕಿತ್ತು. ನನಗೆ ಆ ಹುಡುಗನ ಮುಖ ಮತ್ತೆ ನೋಡುವ ಪ್ರಮೇಯ ಬರಲಿಲ್ಲ.

ಈಗಿನ ಕಂಪನಿಯಲ್ಲಿ ನನ್ನ ಕಡತಕ್ಕೆ ಒಂದು ಕಾಲಂ ಸೇರಿಸಿದ್ದೇನೆ: 'ಅಂದಾಜು ತಪ್ಪಿದರೆ ಯಾರಿಗೆ ನಷ್ಟ'. ಮೇಲಿನವರು "ಇದೇನು?" ಎಂದರು. "ರಿಸ್ಕ್" ಎಂದೆ, ಒಪ್ಪಿದರು. ಆ ಪದಕ್ಕೆ ಆಫೀಸಿನಲ್ಲಿ ಮರ್ಯಾದೆಯಿದೆ.

ಹೋದ ವರ್ಷ ಮತ್ತೆ ಆರು ಜನರನ್ನು ಇಳಿಸಬೇಕಾಯಿತು. ಈ ಸಲ ತಿಂಗಳ ಮೊದಲೇ ಗೋದಾಮಿಗೆ ಹೋಗಿ ನಾನೇ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿರಿಯನೊಬ್ಬ, "ಗಣಪತಿ ಮುಗಿಯೋವರೆಗಾದ್ರೂ ಬಿಡಿ ಸಾಹೇಬ್" ಎಂದ. ತಾರೀಕನ್ನು ಹದಿನೈದು ದಿನ ಮುಂದೆ ಹಾಕಿಸಿದೆ. ಸಂಖ್ಯೆ ಆರೇ ಉಳಿಯಿತು. ಅನಂತ ಚತುರ್ದಶಿಯ ಮರುದಿನ ಅವರಲ್ಲಿ ಇಬ್ಬರು ನನ್ನ ಮೇಜಿನ ಮೇಲೆ ಮೋದಕದ ಡಬ್ಬಿ ಇಟ್ಟು ಹೋದರು. ಸಂಜೆ ಗಾಡಿಯಲ್ಲಿ ಅದು ನನ್ನ ಚೀಲದಲ್ಲೇ ಇತ್ತು. ಠಾಣೆ ದಾಟಿ ಡೊಂಬಿವಲಿ ಬಂದರೂ ಬಿಚ್ಚಲಾಗಲಿಲ್ಲ.